ಚೆಲ್ಲೋಗೂ ಒಂದು ಸೀಟು

ಕಡೆಯ ಸಂಗೀತ ಕಛೇರಿ ಮುಗಿದು ಇವತ್ತಿಗೆ ನಾಲ್ಕು ದಿನ. ಫೋನ್ ಸುಮ್ಮನಿದೆ. ಹದಿನಾರು ತಿಂಗಳಿಂದ ಬೆಳಗ್ಗೆ ಎದ್ದ ಕೂಡಲೇ ಮೇಲ್ ನೋಡುವ ಚಾಳಿ ಅಂಟಿಕೊಂಡಿದೆ. ಇವತ್ತೂ ನೋಡಿದೆ, ಏನೂ ಇರಲಿಲ್ಲ. ಸಮಾಧಾನ ಆಗಬೇಕಿತ್ತು, ಸ್ವಲ್ಪ ಬೇಜಾರೇ ಆಯಿತು. ಮರೆಯುವ ಮೊದಲು ಎಲ್ಲ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ. ದೂರದ ಕಲಾವಿದರನ್ನು ಕರೆಸಿ ಶಾಸ್ತ್ರೀಯ ಸಂಗೀತದ ಸೀಸನ್ ಮಾಡಲು ಯಾರಾದರೂ ಹೊರಟಿದ್ದರೆ, ನಾನು ಬಿದ್ದ ಗುಂಡಿಗಳು ಎಲ್ಲೆಲ್ಲಿವೆ ಅಂತಾದರೂ ಗೊತ್ತಾಗಲಿ.

ನಾನು ಸಂಗೀತಗಾರ ಅಲ್ಲ. ಕೇಳುವವನು, ಅಷ್ಟೇ. ನಮ್ಮದು ಚಿಕ್ಕ ಸಂಘ, ಎಲ್ಲರೂ ಕೆಲಸ ಮುಗಿಸಿ ಬಂದು ಸಂಜೆ ದುಡಿಯುವವರು. ‘ಈ ಸಲ ಕಲಾವಿದರ ಕಡೆಯದ್ದು ನೀವು ನೋಡಿಕೊಳ್ಳಿ, ನಾಲ್ಕು ಮೇಲ್ ಹಾಕಿದರೆ ಆಯ್ತು’ ಅಂದರು. ನಾನು ನಂಬಿದೆ. ಲೆಕ್ಕ ಹಾಕಿದ್ದೇನೆ, ಒಟ್ಟು 1,100ಕ್ಕೂ ಜಾಸ್ತಿ ಮೇಲ್ ಆಗಿವೆ.

ಆರು ಕಛೇರಿ ಅಂತ ತೀರ್ಮಾನ ಆಯಿತು. ಒಂದು ಪಿಯಾನೊ ಸೋಲೋ, ಒಂದು ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಯೋಲಾ, ಒಂದು ಚೆಲ್ಲೋ), ಒಂದು ಸಿತಾರ್, ಒಂದು ಚೆಲ್ಲೋ-ಪಿಯಾನೊ ಜೋಡಿ (ಚೆಲ್ಲೋ ಅಂದರೆ ಕೂತು, ಕಾಲುಗಳ ನಡುವೆ ಇಟ್ಟುಕೊಂಡು ನುಡಿಸುವ ದೊಡ್ಡ ವಯಲಿನ್‌ನಂಥ ವಾದ್ಯ), ಹಳೆಯ ಕಾಲದ ವಾದ್ಯಗಳಲ್ಲೇ ನುಡಿಸುವ ಒಂದು ಬರೋಕ್ ತಂಡ (ಮೊಜಾರ್ಟ್‌ಗಿಂತ ಹಿಂದಿನ ಕಾಲದ ಯುರೋಪಿನ ಸಂಗೀತ), ಕೊನೆಗೆ ಐದು ಜನರ ಗಾಳಿವಾದ್ಯ ತಂಡ. ಹನ್ನೊಂದು ಕಡೆ ಪತ್ರ ಬರೆದೆ. ಮೂರು ವಾರ ಒಂದೇ ಒಂದು ಉತ್ತರ ಇಲ್ಲ. ನಮ್ಮ ಸಂಘ ಯಾರಿಗೂ ಬೇಡವಾ ಅಂತ ಅನಿಸಿಬಿಟ್ಟಿತು. ಆಮೇಲೆ ಒಬ್ಬ ಏಜೆಂಟ್ ಫೋನಿನಲ್ಲಿ ನಗುತ್ತಾ ಹೇಳಿದರು: ಹೆಸರಾದ ಕಲಾವಿದರ ಡೈರಿ ಒಂದೂವರೆ ಎರಡು ವರ್ಷ ಮುಂಚೆಯೇ ತುಂಬಿರುತ್ತದೆ. ನೀವು ದಿನಾಂಕ ಹೇಳಿ ‘ಬರ್ತೀರಾ’ ಅಂತ ಕೇಳಬೇಡಿ, ‘ನೀವು ಈ ಕಡೆ ಯಾವಾಗ ಬರ್ತಿದ್ದೀರಿ’ ಅಂತ ಕೇಳಿ.

ಇದೊಂದು ಮಾತು ನಮ್ಮ ದುಡ್ಡು ಉಳಿಸಿತು. ಆಗಲೇ ಪ್ರವಾಸ ಗೊತ್ತಾಗಿರುವ ತಂಡಕ್ಕೆ ನಡುವೆ ಖಾಲಿ ದಿನಗಳು ಇರುತ್ತವೆ. ಆ ಖಾಲಿ ದಿನದಲ್ಲಿ ನೀವು ಸೇರಿಕೊಂಡರೆ ವಿಮಾನದ ಖರ್ಚು ನಾಲ್ಕೈದು ಆಯೋಜಕರ ನಡುವೆ ಹಂಚಿಹೋಗುತ್ತದೆ. ಆದರೆ ಕರಾರಿನಲ್ಲಿ ಒಂದು ಸಾಲು ಇರುತ್ತದೆ, ಕಣ್ಣಿಟ್ಟು ನೋಡಿ. ಇಷ್ಟು ದೂರದೊಳಗೆ, ಇಷ್ಟು ವಾರಗಳೊಳಗೆ ಕಲಾವಿದರು ಬೇರೆಲ್ಲೂ ನುಡಿಸಬಾರದು ಅಂತ. ಪಕ್ಕದ ಆಯೋಜಕರು ಆ ಸಾಲು ಹಾಕಿಸಿದ್ದರೆ ನಿಮಗೆ ಬಾಗಿಲು ಮುಚ್ಚಿದಂತೆಯೇ. ಇನ್ನೊಂದು, ‘ಹೋಲ್ಡ್’ ಅನ್ನುವ ಮಾತು ಕೇಳಿ ಕುಣಿಯಬೇಡಿ. ಅದು ಪೆನ್ಸಿಲ್‌ನಲ್ಲಿ ಬರೆದ ದಿನಾಂಕ. ನಿಮಗಿಂತ ಮುಂದೆ ಇನ್ನೊಬ್ಬರು ಮೊದಲ ಹೋಲ್ಡ್ ಇಟ್ಟಿರಬಹುದು. ನಾನು ಎರಡನೆಯ ಹೋಲ್ಡ್ ಸಿಕ್ಕಿದ್ದಕ್ಕೇ ಸಭಾಂಗಣಕ್ಕೆ ಮುಂಗಡ ಕಟ್ಟಿಬಿಟ್ಟೆ. ದಿನಾಂಕ ಕೈತಪ್ಪಿತು, ಮುಂಗಡವೂ ಹೋಯಿತು.

ಕರಾರು ಬಂದಾಗ ಎಲ್ಲರೂ ಮೊದಲು ನೋಡುವುದು ಸಂಭಾವನೆಯ ಅಂಕಿ. ನಾನೂ ಅದನ್ನೇ ನೋಡಿದೆ. ಅದರ ಪಕ್ಕದ ಪುಟ್ಟ ಪದ ನೋಡಲಿಲ್ಲ: ‘ನೆಟ್’. ಅಂದರೆ ತೆರಿಗೆ ಎಲ್ಲಾ ಕಳೆದು ಕಲಾವಿದರ ಕೈಗೆ ಅಷ್ಟು ಮೊತ್ತ ಸೇರಬೇಕು. ಹೊರದೇಶದ ಕಲಾವಿದರು ಎಲ್ಲಿ ನುಡಿಸುತ್ತಾರೋ ಆ ದೇಶವೇ ಅವರ ಆ ಗಳಿಕೆಗೆ ತೆರಿಗೆ ಹಾಕಬಹುದು ಅನ್ನುವುದು ದೇಶ ದೇಶಗಳ ನಡುವಿನ ತೆರಿಗೆ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುವ ನಿಯಮ. ಅದನ್ನು ಮೊದಲೇ ಹಿಡಿದುಕೊಂಡು ಕಟ್ಟುವ ಹೊಣೆ ಸಾಧಾರಣವಾಗಿ ಆಯೋಜಕರ ತಲೆ ಮೇಲೆ. ಸಂಭಾವನೆ ನೆಟ್ ಆದರೆ ಆ ತೆರಿಗೆ ನಿಮ್ಮ ಜೇಬಿನಿಂದ. ಕ್ವಾರ್ಟೆಟ್ ವಿಷಯದಲ್ಲಿ ಹೀಗೆ ಸಿಕ್ಕಿಬಿದ್ದೆ. ನಾಲ್ಕು ಜನ, ಮೂರು ದೇಶದ ಪಾಸ್‌ಪೋರ್ಟ್, ಮೂರು ಬೇರೆ ಬೇರೆ ಒಪ್ಪಂದ. ‘ನಾನು ಇಂಥ ದೇಶದಲ್ಲಿ ತೆರಿಗೆ ಕಟ್ಟುವವನು’ ಅನ್ನುವ ಪ್ರಮಾಣಪತ್ರವನ್ನು ಪ್ರತಿಯೊಬ್ಬರೂ ಕಳಿಸಬೇಕಾಯಿತು. ಎರಡನೆಯ ವಯಲಿನ್ ನುಡಿಸುವವರದ್ದು ಬರಲು ಒಂಬತ್ತು ವಾರ ಹಿಡಿಯಿತು. ಕರಾರಿಗೆ ಸಹಿ ಹಾಕುವ ಮೊದಲೇ ಲೆಕ್ಕ ಗೊತ್ತಿರುವ ಒಬ್ಬರಿಗೆ ತೋರಿಸಿ. ನಾಚಿಕೆ ಬೇಡ.

ವೀಸಾದ ಕಥೆ ಎಲ್ಲರಿಗೂ ಗೊತ್ತಿರುವುದೇ, ಎರಡೇ ಮಾತು ಹೇಳುತ್ತೇನೆ. ಆಹ್ವಾನ ಪತ್ರದಲ್ಲಿ ಪೋಸ್ಟರಿನ ಹೆಸರಲ್ಲ, ಪಾಸ್‌ಪೋರ್ಟಿನ ಹೆಸರು ಇರಬೇಕು. ನಮ್ಮ ವಯೋಲಾ ಕಲಾವಿದೆ ವೇದಿಕೆಯಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ನಾನು ಪೋಸ್ಟರ್ ನೋಡಿ ಪತ್ರ ಬರೆದೆ. ಅರ್ಜಿ ವಾಪಸ್ ಬಂತು. ಮತ್ತೆ ಮೊದಲಿನಿಂದ. ಕಛೇರಿ ಶನಿವಾರ ಇತ್ತು, ವೀಸಾ ಗುರುವಾರ ಮಧ್ಯಾಹ್ನ ಸಿಕ್ಕಿತು. ಆ ಎರಡು ವಾರ ರಾತ್ರಿ ಮೂರಕ್ಕೆ ಎಚ್ಚರ ಆಗಿಬಿಡುತ್ತಿತ್ತು. ವಯೋಲಾ ಇಲ್ಲದ ಕ್ವಾರ್ಟೆಟ್ ಅಂದರೆ ಏನು, ಮೂರು ಕಾಲಿನ ಮಂಚ ಅಲ್ವಾ?

ನಿಜವಾದ ಪಾಠ ಆಮೇಲೆ ಶುರುವಾಯಿತು. ಮನುಷ್ಯರಿಗೆ ಮಾತ್ರ ಕಾಗದ ಪತ್ರ ಬೇಕು ಅಂದುಕೊಂಡಿದ್ದೆ. ವಾದ್ಯಗಳಿಗೂ ಬೇಕು.

ಕ್ವಾರ್ಟೆಟ್‌ನ ಮೊದಲ ವಯಲಿನ್ ಕಲಾವಿದೆಯದ್ದು ಹಳೆಯ ಕಮಾನು. ಅದರ ತುದಿಯಲ್ಲಿ ಉಗುರಿನಷ್ಟು ಅಗಲದ ಒಂದು ಬಿಳಿ ತಗಡು. ದಂತ. ಹಳೆಯ ಕಮಾನುಗಳಲ್ಲಿ ಇದು ತೀರಾ ಸಾಮಾನ್ಯ. ಕೆಲವದರ ಹಿಡಿಯ ಹತ್ತಿರ ಕಡಲಾಮೆಯ ಚಿಪ್ಪೂ ಇರುತ್ತದೆ. ಅಳಿವಿನಂಚಿನ ಜೀವಿಗಳ ವ್ಯಾಪಾರ ತಡೆಯಲು ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಆಫ್ರಿಕದ ಆನೆಯನ್ನು ಅದರ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಲು ಒಪ್ಪಿದ್ದು 1989ರಲ್ಲಿ. ಗಡಿ ದಾಟುವಾಗ ಆ ಉಗುರಿನಷ್ಟು ದಂತಕ್ಕೂ ದಾಖಲೆ ಕೇಳಬಹುದು, ಇಲ್ಲದಿದ್ದರೆ ಕಮಾನನ್ನೇ ತೆಗೆದಿಟ್ಟುಕೊಳ್ಳಬಹುದು. ಊರೂರು ತಿರುಗುವ ಸಂಗೀತಗಾರರಿಗೆಂದೇ 2013ರಲ್ಲಿ ವಾದ್ಯ ಪ್ರಮಾಣಪತ್ರದ ವ್ಯವಸ್ಥೆ ಬಂತು. ಹೆಚ್ಚೆಂದರೆ ಮೂರು ವರ್ಷ ನಡೆಯುವ ಪತ್ರ, ವಾದ್ಯಕ್ಕೇ ಒಂದು ಪಾಸ್‌ಪೋರ್ಟ್ ಇದ್ದಂತೆ. ಆದರೆ ಅದು ಬರಲು ತಿಂಗಳುಗಳೇ ಬೇಕು. ಬಂದ ಮೇಲೂ ಪ್ರತಿ ಗಡಿಯಲ್ಲಿ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕು. ನಮ್ಮ ಕಲಾವಿದೆಗೆ ಅಷ್ಟು ಸಮಯ ಇರಲಿಲ್ಲ. ಹಳೆಯ ಕಮಾನನ್ನು ಮನೆಯಲ್ಲಿ ಬಿಟ್ಟು, ಕಾರ್ಬನ್ ಫೈಬರ್ ಕಮಾನು ತಂದರು. ‘ನನಗೆ ಕೇಳಿಸುತ್ತದೆ, ನಿಮಗೆ ಕೇಳಿಸದೇ ಇರಬಹುದು’ ಅಂದರು. ನಿಜ, ನನಗೆ ಕೇಳಿಸಲಿಲ್ಲ. ಆದರೂ ಮನಸ್ಸಿಗೆ ಕೊರೆಯಿತು.

ಮರದ್ದೂ ಇದೇ ಕಥೆ. ಬೀಟೆ ಜಾತಿಯ ಮರಗಳನ್ನೆಲ್ಲ 2017ರ ಜನವರಿಯಲ್ಲಿ ಸೈಟಿಸ್ ಪಟ್ಟಿಗೆ ಸೇರಿಸಿದಾಗ ವಾದ್ಯಗಾರರ ಲೋಕದಲ್ಲಿ ದೊಡ್ಡ ಗಲಿಬಿಲಿ ಆಗಿತ್ತಂತೆ. ಪೂರ್ತಿ ತಯಾರಾದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಇದೆ. ಬ್ರೆಜಿಲ್‌ನ ಬೀಟೆಗೆ ಮಾತ್ರ ಇಲ್ಲ, ಅದು 1992ರಿಂದಲೇ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಹಾಗಾಗಿ ಕಲಾವಿದರಿಗೆ ಹಾಕುವ ಮೊದಲ ಪತ್ರದಲ್ಲೇ ಒಂದು ಸಾಲು ಸೇರಿಸಿ: ನಿಮ್ಮ ವಾದ್ಯ ಯಾವುದರಿಂದ ಮಾಡಿದ್ದು, ಯಾವಾಗ ಮಾಡಿದ್ದು? ವಿಚಿತ್ರ ಪ್ರಶ್ನೆ ಅನಿಸಬಹುದು. ಅವರಿಗೆ ಅನಿಸುವುದಿಲ್ಲ.

ಇದರ ಜೊತೆಗೆ ಕಸ್ಟಮ್ಸ್. ಬೆಲೆಬಾಳುವ ವಾದ್ಯ ತಾತ್ಕಾಲಿಕವಾಗಿ ಬಂದು ವಾಪಸ್ ಹೋಗುತ್ತದೆ, ಮಾರಾಟಕ್ಕಲ್ಲ ಅಂತ ತೋರಿಸಲು ಎಟಿಎ ಕಾರ್ನೆ ಅನ್ನುವ ದಾಖಲೆ ಇದೆ. ಒಂದು ವರ್ಷದವರೆಗೆ ನಡೆಯುತ್ತದೆ, ಒಳಗೆ ಬರುವಾಗ ಒಂದು ಹಾಳೆ, ಹೋಗುವಾಗ ಒಂದು ಹಾಳೆ. ಹೋಗುವಾಗಿನ ಮುದ್ರೆ ಮರೆತರೆ ವಾದ್ಯ ಇಲ್ಲೇ ಉಳಿಯಿತು ಅಂತ ಲೆಕ್ಕ, ಸುಂಕ ಕಟ್ಟಿ ಅಂತ ನೋಟಿಸು ಬರುತ್ತದೆ. ಗಾಳಿವಾದ್ಯ ತಂಡದವರು ಈ ಮುದ್ರೆಗಾಗಿ ಮೂರು ಗಂಟೆ ಮೊದಲೇ ವಿಮಾನ ನಿಲ್ದಾಣ ಸೇರುತ್ತಿದ್ದರು. ಅನುಭವಸ್ಥರು.

ಇಷ್ಟರ ನಡುವೆ ಹಕ್ಕಿನ ಪ್ರಶ್ನೆ ಬಂತು. ಶಾಸ್ತ್ರೀಯ ಸಂಗೀತ ಅಲ್ವಾ, ಬರೆದವರು ತೀರಿಕೊಂಡು ಬಹಳ ಕಾಲವಾಗಿದೆ, ಯಾರ ಅನುಮತಿ ಬೇಕು ಅಂದುಕೊಂಡಿದ್ದೆ. ಹೇಡನ್, ಬೀಥೋವನ್‌ಗೆ ಆ ಮಾತು ಸರಿ. ಆದರೆ ಕ್ವಾರ್ಟೆಟ್‌ನವರ ಪಟ್ಟಿಯಲ್ಲಿ ಶೋಸ್ತಕೋವಿಚ್ ಇದ್ದರು. ಅವರು ತೀರಿಕೊಂಡಿದ್ದು 1975ರಲ್ಲಿ. ಸತ್ತ ಮೇಲೂ 70 ವರ್ಷ ಹಕ್ಕು ಉಳಿಯುವ ದೇಶಗಳಲ್ಲಿ 2045 ಮುಗಿಯುವವರೆಗೆ ಅವರ ಕೃತಿ ನುಡಿಸಲು ಪರವಾನಗಿ ಬೇಕು. ಪರವಾನಗಿ ಸುಲಭವಾಗಿಯೇ ಸಿಕ್ಕಿತು. ಬಜೆಟ್‌ನಲ್ಲಿ ಮಾತ್ರ ಅದಕ್ಕೊಂದು ಸಾಲು ಇರಲಿಲ್ಲ.

ಇನ್ನು ಸೀಸನ್.

ಮೊದಲನೆಯದೇ ಪಿಯಾನೊ. ಮೂರು ದಿನ ಮುಂಚೆ ಏಜೆಂಟ್ ಫೋನ್ ಮಾಡಿದರು. ಕಲಾವಿದರ ಬಲಗೈ ಮಣಿಕಟ್ಟು ಊದಿಕೊಂಡಿದೆ, ಬರಲಾಗುವುದಿಲ್ಲ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಟಿಕೆಟ್ ಎಲ್ಲಾ ಹೋಗಿತ್ತು, ಕಾರ್ಯಕ್ರಮದ ಪುಸ್ತಿಕೆ ಅಚ್ಚಾಗಿ ಬಂದು ರಟ್ಟಿನ ಡಬ್ಬದಲ್ಲಿ ಕೂತಿತ್ತು. ಸಂಜೆಯೊಳಗೆ ಬದಲಿ ಕಲಾವಿದೆ ಸಿಕ್ಕಿದರು, ಆದರೆ ಅವರ ಕೈಯಲ್ಲಿ ಸಿದ್ಧ ಇದ್ದ ಕೃತಿಗಳೇ ಬೇರೆ. ಪುಸ್ತಿಕೆಯೊಳಗೆ ಒಂದು ಚೀಟಿ ಸೇರಿಸಿದೆವು. ಆವತ್ತೇ ನಿರ್ಧಾರ ಮಾಡಿದೆ, ಮುಂದಿನದ್ದೆಲ್ಲ ಬಿಡಿ ಹಾಳೆ, ಹಿಂದಿನ ದಿನ ಅಚ್ಚು. ಹಣ ವಾಪಸ್ ಕೇಳಿದವರು ಏಳು ಜನ, ಮರುಮಾತಿಲ್ಲದೆ ಕೊಟ್ಟೆವು. ಟಿಕೆಟ್ ಹಿಂದೆ ‘ಕಲಾವಿದರು, ಕೃತಿಗಳು ಬದಲಾಗಬಹುದು’ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ ನಿಜ, ಆದರೆ ಅದನ್ನು ತೋರಿಸಿ ಜಗಳ ಆಡುವುದು ನನಗೆ ಸರಿ ಕಾಣಲಿಲ್ಲ.

ಪಿಯಾನೊವನ್ನು ಬಾಡಿಗೆಗೆ ತಂದಿದ್ದೆವು. ಒಂಬತ್ತು ಅಡಿ ಉದ್ದ, ಅರ್ಧ ಟನ್ನಿನ ಹತ್ತಿರ ತೂಕ, ಒಳಗೆ ಸುಮಾರು 230 ತಂತಿ. ತಂದ ದಿನವೇ ಶ್ರುತಿ ಮಾಡಿಸಿದರೆ ಆಯ್ತು ಅಂದುಕೊಂಡಿದ್ದು ನನ್ನ ತಪ್ಪು. ಹೊಸ ಜಾಗದ ತೇವಕ್ಕೆ ಅದರ ಮರ ಉಬ್ಬುತ್ತದೆ ಅಥವಾ ಕುಗ್ಗುತ್ತದೆ. ಅದು ಹೊಂದಿಕೊಳ್ಳಲು ಸಮಯ ಬೇಕು. ಇವತ್ತು ಸೇರಿಸಿದ ಶ್ರುತಿ ನಾಳೆಗೆ ಸರಿದಿರುತ್ತದೆ. ಟ್ಯೂನರ್ ಮೂರು ಸಲ ಬಂದರು, ತಾಲೀಮಿಗೆ ಮೊದಲು, ತಾಲೀಮಿನ ನಂತರ, ಆಮೇಲೆ ವಿರಾಮದಲ್ಲಿ ಹತ್ತು ನಿಮಿಷ. ಅವರು ಹೇಳಿಕೊಟ್ಟ ಒಂದು ಸಂಗತಿ ಬಹಳ ಉಪಯೋಗಕ್ಕೆ ಬಂತು. ಶ್ರುತಿ ಮಾಡುವಾಗ ವೇದಿಕೆಯ ದೀಪಗಳು, ಎಸಿ ಎಲ್ಲಾ ಕಛೇರಿಯಲ್ಲಿ ಇರುವ ಹಾಗೆಯೇ ಉರಿಯುತ್ತಿರಬೇಕು. ತಣ್ಣಗಿನ ಕತ್ತಲಲ್ಲಿ ಸೇರಿಸಿದ ಶ್ರುತಿ ಬಿಸಿ ಬೆಳಕಿನಲ್ಲಿ ನಿಲ್ಲುವುದಿಲ್ಲ.

ಕ್ವಾರ್ಟೆಟ್ ನಡೆಯಿತು, ವಯೋಲಾ ಸಮೇತ. ಒಂದು ಕೃತಿಯ ಮೊದಲ ಭಾಗ ಮುಗಿದ ಕೂಡಲೇ, ಇನ್ನೂ ಭಾಗಗಳು ಬಾಕಿ ಇರುವಾಗಲೇ, ಕೆಲವರು ಚಪ್ಪಾಳೆ ಹೊಡೆದರು, ಉಳಿದವರು ಅವರನ್ನು ದುರುಗುಟ್ಟಿ ನೋಡಿದರು. ವಿರಾಮದಲ್ಲಿ ಒಬ್ಬ ಹಿರಿಯರು ಬಂದು ‘ಜನರಿಗೆ ತಿಳಿಸಿ ಹೇಳಬಾರದಾ’ ಅಂತ ಗದರಿದರು. ನನಗೇನೋ ಚಪ್ಪಾಳೆಯವರ ಮೇಲೆಯೇ ಪ್ರೀತಿ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಸಿಂಫನಿಯ ಮೊದಲ ಭಾಗ ಇನ್ನೂ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ಹೊಡೆದರು ಅಂತ ಮೊಜಾರ್ಟ್ ಖುಷಿಯಿಂದ ಅಪ್ಪನಿಗೆ ಕಾಗದ ಬರೆದಿದ್ದ. ಭಾಗಗಳ ನಡುವೆ ಉಸಿರು ಬಿಗಿಹಿಡಿದು ಕೂರುವ ಪದ್ಧತಿ ಆಮೇಲೆ ಬಂದದ್ದು. ಗದರಿದವರಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ.

ಸಿತಾರ್ ಕಛೇರಿಗೆ ಪುಸ್ತಿಕೆ ನೋಡಿಕೊಳ್ಳುವ ನಮ್ಮ ಗೆಳತಿ ಎರಡು ತಿಂಗಳು ಮೊದಲೇ ಕಾರ್ಯಕ್ರಮದ ಪಟ್ಟಿ ಕೇಳಿದ್ದಳು. ಕ್ವಾರ್ಟೆಟ್‌ನವರು ಕೃತಿ, ಅದರ ಸಂಖ್ಯೆ, ಶ್ರುತಿ, ಎಷ್ಟು ನಿಮಿಷ ಅಂತ ಒಂದು ವರ್ಷ ಮುಂಚೆಯೇ ಕಳಿಸಿದ್ದರು. ಸಿತಾರ್‌ನವರಿಂದ ಬಂದದ್ದು ಒಂದೇ ಸಾಲು: ‘ಸಂಜೆಯ ರಾಗ. ಯಾವುದು ಅಂತ ಸಭೆ ನೋಡಿ ಹೇಳುತ್ತೇನೆ.’ ಅವಳಿಗೆ ಸಿಟ್ಟು. ನನಗೆ ನಗು. ಪುಟ ಖಾಲಿ ಬಿಟ್ಟು, ರಾಗವನ್ನು ವೇದಿಕೆಯ ಮೇಲೆ ಪ್ರಕಟಿಸಲಾಗುವುದು ಅಂತ ಹಾಕಿದೆವು. ಅವರಿಗೆ ಬೇಕಾಗಿದ್ದು ನೆಲದಿಂದ ಒಂದೂವರೆ ಅಡಿ ಎತ್ತರದ ಮಣೆಯಂಥ ವೇದಿಕೆ, ಅಲುಗಾಡಬಾರದು, ಮೇಲೆ ಜಮಖಾನೆ. ಅಷ್ಟೇ. ಆದರೆ ಕಛೇರಿಗೆ ಮೊದಲು ಒಂದು ಗಂಟೆ ಯಾರೂ ಬರದ ಕೋಣೆ ಬೇಕು. ಆ ವಾದ್ಯದಲ್ಲಿ ಮೀಟುವ ತಂತಿಗಳ ಕೆಳಗೆ ಮೀಟದೆಯೇ ಜೊತೆಗೆ ಮಿಡಿಯುವ ಹನ್ನೊಂದೋ ಹದಿಮೂರೋ ತರಬ್ ತಂತಿಗಳಿವೆ, ಅವನ್ನು ರಾಗಕ್ಕೆ ತಕ್ಕಂತೆ ಒಂದೊಂದಾಗಿ ಸೇರಿಸಬೇಕು. ಎಸಿಯ ಗಾಳಿ ನೇರವಾಗಿ ತಬಲಾದ ಮೇಲೆ ಬೀಳುತ್ತಿತ್ತು, ಚರ್ಮ ಒಣಗಿ ಶ್ರುತಿ ಏರುತ್ತಲೇ ಇತ್ತು. ತಬಲಾ ಕಲಾವಿದರು ಸುತ್ತಿಗೆ ಕೆಳಗಿಡಲೇ ಇಲ್ಲ. ಗಾಳಿಯ ದಿಕ್ಕು ಮೊದಲೇ ನೋಡಿಕೊಳ್ಳಿ.

ಈಗ ಚೆಲ್ಲೋ. ಇದಕ್ಕೆ ಜಾಸ್ತಿ ಜಾಗ ಬೇಕು, ವಿಮಾನದಲ್ಲೂ, ಈ ಬರಹದಲ್ಲೂ.

ಚೆಲ್ಲೋವನ್ನು ವಿಮಾನದ ಹೊಟ್ಟೆಗೆ ಹಾಕಿ ಕಳಿಸುವವರು ಕಡಿಮೆ. ಅದಕ್ಕೆ ಪಕ್ಕದಲ್ಲೇ ಒಂದು ಸೀಟು ಕೊಳ್ಳುತ್ತಾರೆ. ಪೂರ್ತಿ ಟಿಕೆಟ್. ನಾನು ಜಾಣತನ ಮಾಡಿ, ಇಂಟರ್ನೆಟ್ಟಿನಲ್ಲಿ ಎರಡು ಸೀಟು ತೆಗೆದೆ, ಎರಡನೆಯದರ ಹೆಸರಿನ ಜಾಗದಲ್ಲಿ ‘ಚೆಲ್ಲೋ’ ಅಂತ ಬರೆದೆ. ನಿಲ್ದಾಣದ ಕೌಂಟರಿನಲ್ಲಿ ಅದು ಪ್ರಯಾಣಿಕನ ಹೆಸರಾಗಿ ಕಂಡಿದೆ. ಪಾಸ್‌ಪೋರ್ಟ್ ಎಲ್ಲಿ ಅಂತ ಕೇಳಿದರಂತೆ! ವಾದ್ಯದ ಸೀಟನ್ನು ವಿಮಾನ ಕಂಪನಿಗೆ ಫೋನ್ ಮಾಡಿಯೇ ತೆಗೆಯಬೇಕು. ‘ಕ್ಯಾಬಿನ್ನಿನಲ್ಲಿ ಸೀಟು ಕೊಂಡ ಸಾಮಾನು’ ಅಂತ ಅದಕ್ಕೊಂದು ಸಂಕೇತ ಇದೆ: ಸಿಬಿಬಿಜಿ. ಟಿಕೆಟ್‌ನಲ್ಲಿ ಆ ನಾಲ್ಕಕ್ಷರ ಇರಬೇಕು. ಸಾಮಾನ್ಯವಾಗಿ ಕಿಟಕಿ ಪಕ್ಕದ ಸೀಟೇ ಬೇಕು, ತುರ್ತು ಬಾಗಿಲಿನ ಸಾಲಿನಲ್ಲಿ ಇರಬಾರದು, ಬೇರೆಯವರ ದಾರಿಗೆ ಅಡ್ಡ ಬರಬಾರದು, ಬೆಲ್ಟ್ ಕಟ್ಟಬೇಕು. ಚಿಕ್ಕ ವಿಮಾನವಾದರೆ ಹತ್ತಿಸಲೇ ಆಗದಿರಬಹುದು. ನಡುವೆ ವಿಮಾನ ಬದಲಿಸುವುದಿದ್ದರೆ ಎರಡೂ ವಿಮಾನಗಳ ಮಾದರಿ ಕೇಳಿಕೊಳ್ಳಿ.

ಚೆಲ್ಲೋ ಕಲಾವಿದರನ್ನು ಆ ವಿಮಾನಕ್ಕೆ ಹತ್ತಿಸಿಕೊಳ್ಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಕಲಾವಿದರ ದನಿಯಲ್ಲಿ ಸಿಟ್ಟು ಇರಲಿಲ್ಲ, ದಣಿವು ಇತ್ತು. ‘ನೀವು ಮೊದಲನೆಯವರಲ್ಲ’ ಅಂದರು. ಅದು ನನಗೆ ಬೈದದ್ದಕ್ಕಿಂತ ಜಾಸ್ತಿ ಚುಚ್ಚಿತು. ಮಾರನೆಯ ದಿನ ಬೇರೆ ವಿಮಾನ, ಹೊಸದಾಗಿ ಎರಡು ಟಿಕೆಟ್. ಪಿಯಾನೊ ಕಲಾವಿದೆ ಆಗಲೇ ಬಂದು ಒಬ್ಬರೇ ತಾಲೀಮು ಮಾಡುತ್ತಿದ್ದರು. ಚೆಲ್ಲೋ ಸಭಾಂಗಣ ಮುಟ್ಟಿದಾಗ ಕಛೇರಿಗೆ ಎರಡು ಗಂಟೆ ಇಪ್ಪತ್ತು ನಿಮಿಷ ಬಾಕಿ.

ಅಷ್ಟಕ್ಕೇ ಮುಗಿಯಲಿಲ್ಲ. ಚೆಲ್ಲೋದವರು ‘ಎ’ ಸ್ವರವನ್ನು (ವಾದ್ಯಗಳೆಲ್ಲ ಶ್ರುತಿ ಸೇರಿಸುವುದು ಅದಕ್ಕೇ) ಸೆಕೆಂಡಿಗೆ 442 ಕಂಪನ, ಅಂದರೆ 442 ಹರ್ಟ್ಸ್‌ಗೆ ಇಟ್ಟುಕೊಂಡು ಅಭ್ಯಾಸ ಇದ್ದವರು. ನಮ್ಮ ಪಿಯಾನೊ 440ರಲ್ಲಿತ್ತು. ಅಂತರರಾಷ್ಟ್ರೀಯ ಅಳತೆ 440 ಆದರೂ ಎಷ್ಟೋ ಕಡೆ ವಾದ್ಯಮೇಳಗಳು ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತವೆ. ಪಿಯಾನೊವನ್ನು ಏರಿಸಬೇಕಂದರೆ 230 ತಂತಿಗಳನ್ನೂ ಎಳೆಯಬೇಕು, ಎರಡು ಗಂಟೆಯಲ್ಲಿ ಅದು ನಿಲ್ಲುವುದಿಲ್ಲ. ಚೆಲ್ಲೋದವರೇ ನಾಲ್ಕು ತಂತಿ ಇಳಿಸಿಕೊಂಡರು. ಪುಟ ತಿರುವಲು ಯಾರೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಕರಾರಿನ ಹದಿನಾಲ್ಕನೆಯ ಸಾಲಿನಲ್ಲಿ ಅದು ಸ್ಪಷ್ಟವಾಗಿ ಇತ್ತು. ಬಾಗಿಲಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗಿ ಪಿಯಾನೊ ಕಲಿಯುತ್ತಾಳೆ ಅಂತ ಯಾರೋ ಹೇಳಿದರು. ಎರಡು ಗಂಟೆ ಅವಳು ಕಲಾವಿದೆಯ ಎಡಕ್ಕೆ ಕೂತು, ಎದ್ದು, ಎಡಗೈಯಲ್ಲಿ ಹಾಳೆಯ ಮೇಲಿನ ಮೂಲೆ ಹಿಡಿದು ತಿರುವಿದಳು. ಅವಳ ಕೈ ನಡುಗುತ್ತಿದ್ದದ್ದು ನನಗೆ ಹಿಂದಿನ ಸಾಲಿಗೂ ಕಾಣುತ್ತಿತ್ತು. ಒಂದೂ ತಪ್ಪಲಿಲ್ಲ. ನಿಧಾನದ ಒಂದು ಭಾಗದಲ್ಲಿ ಚೆಲ್ಲೋ ಒಂದೇ ಸ್ವರ ಹಿಡಿದು ನಿಂತಿತು, ಪಿಯಾನೊ ಅದರ ಕೆಳಗೆ ಮೆಲ್ಲಗೆ ಓಡಾಡುತ್ತಿತ್ತು. ಹದಿನಾರು ತಿಂಗಳಲ್ಲಿ ನಾನು ಫೋನ್ ಮರೆತು ಕೂತದ್ದು ಆ ನಾಲ್ಕೈದು ನಿಮಿಷ ಮಾತ್ರ.

ಬರೋಕ್ ತಂಡ ಬಂದಾಗ ಬುದ್ಧಿ ಬಂದಿತ್ತು, ಶ್ರುತಿ ಮೊದಲೇ ಕೇಳಿದೆ. ಉತ್ತರ: 415. ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗೆ. ನಾವು ಬಾಡಿಗೆಗೆ ಗೊತ್ತು ಮಾಡಿದ್ದ ಹಾರ್ಪ್ಸಿಕಾರ್ಡ್ (ಪಿಯಾನೊಗೂ ಹಿಂದಿನ, ತಂತಿ ಮೀಟುವ ಕೀಲಿಮಣೆ ವಾದ್ಯ) 440ರಲ್ಲಿತ್ತು. ಅವರ ಮರದ ಕೊಳಲನ್ನು ಅಷ್ಟು ಏರಿಸಲು ಸಾಧ್ಯವೇ ಇಲ್ಲ. ಎರಡು ದಿನ ಬೇರೆ ಹಾರ್ಪ್ಸಿಕಾರ್ಡ್ ಹುಡುಕಿದೆ. ಕೊನೆಗೆ ವಾದ್ಯದ ಮಾಲೀಕರಿಗೇ ಫೋನ್ ಮಾಡಿದರೆ, ‘ಅದರ ಕೀಲಿಮಣೆ ಪಕ್ಕಕ್ಕೆ ಸರಿಯುತ್ತದಲ್ಲ’ ಅಂದರು. ನಿಜವಾಗಿಯೂ ಸರಿಯಿತು! ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಪ್ರತಿ ಕೀಲಿಯೂ ಪಕ್ಕದ ತಂತಿಯನ್ನು ಮೀಟುತ್ತದೆ. ಶ್ರುತಿಯನ್ನು ಮತ್ತೆ ಹದ ಮಾಡಬೇಕಾಯಿತು, ಆ ಮಾತು ಬೇರೆ.

ಗಾಳಿವಾದ್ಯ ತಂಡದ ಬಗ್ಗೆ ಹೇಳಲು ಏನೂ ಇಲ್ಲ. ಬಂದರು, ಊದಿದರು, ಹೋದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಲೆಕ್ಕ ನಿನ್ನೆ ಮುಗಿಸಿದೆ. ನೂರು ಖರ್ಚಾಗಿದ್ದರೆ ಸಂಭಾವನೆಗೆ ಹೋದದ್ದು ನಲವತ್ತೆಂಟು. ಪ್ರಯಾಣ, ತಂಗುವುದು ಇಪ್ಪತ್ತಾರು. ವಾದ್ಯದ ಬಾಡಿಗೆ, ಸಾಗಣೆ, ಶ್ರುತಿ, ವಿಮೆ ಹದಿಮೂರು, ಇದಕ್ಕೆ ನಾನು ಇಟ್ಟಿದ್ದು ನಾಲ್ಕು. ಉಳಿದದ್ದು ಸಭಾಂಗಣ, ಅಚ್ಚು, ಪರವಾನಗಿ. ಟಿಕೆಟ್ಟಿನಿಂದ ಬಂದದ್ದು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದು ದಾನಿಗಳದ್ದು. ಸಂಘದಲ್ಲಿ ಯಾರೂ ಬೈಯಲಿಲ್ಲ, ‘ಮುಂದಿನ ಸಲವೂ ನೀವೇ’ ಅಂದರು. ಅದು ಶಿಕ್ಷೆಯೋ ಮೆಚ್ಚುಗೆಯೋ ತಿಳಿಯಲಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಒಂದು ಮೇಲ್ ಬಂದಿದೆ. ಮುಂದಿನ ಸೀಸನ್‌ಗೆ ಹಾರ್ಪ್ (ಬೆರಳಿನಿಂದ ಮೀಟುವ ದೊಡ್ಡ ತಂತಿವಾದ್ಯ) ಕಲಾವಿದೆಯೊಬ್ಬರು ಈ ಕಡೆ ಬರುತ್ತಾರಂತೆ, ಎರಡು ದಿನ ಖಾಲಿ ಇದೆಯಂತೆ. 47 ತಂತಿ, ಏಳು ಪೆಡಲ್, ಆಳೆತ್ತರದ ವಾದ್ಯ. ಯಾವ ಸೀಟಿನಲ್ಲೂ ಕೂರುವುದಿಲ್ಲ. ಸಂಭಾವನೆ ಎಷ್ಟು, ಏನು ನುಡಿಸುತ್ತಾರೆ ಅಂತ ಕೇಳಲಿಲ್ಲ. ಒಂದೇ ಸಾಲು ಬರೆದು ಕಳಿಸಿದೆ: ‘ಹಾರ್ಪ್ ಅವರೇ ತರುತ್ತಾರಾ, ನಾವು ಹುಡುಕಬೇಕಾ?’